ಗೋರಿಯಿಲ್ಲದವರ ಹೆಸರುಗಳು

ನವೆಂಬರ್ ತಿಂಗಳನ್ನು ಧರ್ಮಸಭೆಯು ಮೃತರ ಸ್ಮರಣೆಗೆಂದು ಮೀಸಲಿಟ್ಟಿದೆ. ಆ ತಿಂಗಳ ಎರಡನೆಯ ದಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮ್ಮ ಸಮಾಧಿಭೂಮಿಗಳು ಹೊಸ ಕಳೆಯನ್ನು ತಾಳುತ್ತವೆ. ಹುಲ್ಲು ಕೆತ್ತಿ, ಗೋರಿಗಳಿಗೆ ಸುಣ್ಣ ಬಳಿದು, ಹೂವಿರಿಸಿ, ಮೇಣದ ಬತ್ತಿ ಹಚ್ಚುತ್ತೇವೆ. ಬಲಿಪೂಜೆಯಲ್ಲಿ ಸ್ಮರಿಸಬೇಕಾದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಗುರುಗಳ ಕೈಗಿಡುತ್ತೇವೆ. ಆ ಚೀಟಿಗಳ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಅದರಲ್ಲಿರುವವನು ಎಲ್ಲಿ ಸತ್ತನು, ಹೇಗೆ ಸತ್ತನು, ಅವನ ಮರಣ ಗೌರವಕ್ಕೆ ಅರ್ಹವೇ ಎಂದು ಯಾರೂ ವಿಚಾರಿಸುವುದಿಲ್ಲ. ಹೆಸರಿದ್ದರೆ ಸಾಕು, ಪ್ರಾರ್ಥನೆ ಸಲ್ಲುತ್ತದೆ.

ಹಾಗಿದ್ದರೂ ಆ ದಿನ ಒಂದು ಬಗೆಯ ಬಡತನ ಕಣ್ಣಿಗೆ ಬೀಳುತ್ತದೆ. ಅದು ಗೋರಿಯೇ ಇಲ್ಲದವರ ಬಡತನ. ಒಂದು ವರ್ಷ, ಹಡಗಿನ ಕೆಲಸಕ್ಕೆ ಹೋದ ಮಗ ಹೆಣವಾಗಿಯೂ ಹಿಂದಿರುಗದ ಒಬ್ಬ ವೃದ್ಧ ತಾಯಿ ಗುರುಗಳನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು: "ಸ್ವಾಮಿ, ಎಲ್ಲರೂ ಅವರವರ ಗೋರಿ ಮೇಲೆ ಬತ್ತಿ ಹಚ್ತಾರೆ. ನನ್ನ ಮಗನಿಗೆ ನಾನು ಎಲ್ಲಿ ಹಚ್ಚಲಿ?" ಗುರುಗಳು ಸಮಾಧಿಭೂಮಿಯ ನಡುವಣ ದೊಡ್ಡ ಶಿಲುಬೆಯನ್ನು ತೋರಿಸಿ, "ಇಲ್ಲಿ ಹಚ್ಚಮ್ಮ, ಇದು ಎಲ್ಲರಿಗೂ ಸೇರಿದ್ದು" ಎಂದರು. ಆಕೆ ಶಿಲುಬೆಯ ಬುಡದಲ್ಲಿ ಬತ್ತಿ ನೆಟ್ಟು ಬಹಳ ಹೊತ್ತು ಕುಳಿತಿದ್ದರು.

ಕಡಲಿನಲ್ಲಿ ಮಡಿದವರ ಪಾಡೇ ಹೀಗೆ. ಭೂಮಿಯ ಮೇಲೆ ಬಿದ್ದ ಯೋಧನಿಗೆ ಆರಡಿ ಮಣ್ಣೋ ಒಂದು ಹಿಡಿ ಬೂದಿಯೋ ಉಳಿಯುತ್ತದೆ. ನಾವಿಕ ಬಿದ್ದ ಸ್ಥಳವನ್ನು ಮರುಕ್ಷಣವೇ ಅಲೆ ಮುಚ್ಚುತ್ತದೆ. ಅಲ್ಲಿ ಕಲ್ಲು ನೆಡಲಾಗದು. ಆದ್ದರಿಂದ ಅವನ ಪಾಲಿಗೆ ಎಲ್ಲೋ ಒಂದೆಡೆ ಕೆತ್ತಿದ ಹೆಸರೇ ಗೋರಿಯಾಗುತ್ತದೆ. ಆ ಹೆಸರನ್ನೂ ನಿರಾಕರಿಸಿದರೆ ಅವನಿಗೆ ಏನು ಉಳಿಯಿತು?

ಇದು ಬರಿಯ ಭಾವುಕತೆಯ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೂ ಹೌದು. 1969ರ ಜೂನ್ 3ರಂದು ದಕ್ಷಿಣ ಚೀನಾ ಸಮುದ್ರದಲ್ಲಿ ಅಮೆರಿಕದ ಯುದ್ಧನೌಕೆ 'ಫ್ರಾಂಕ್ ಇ. ಇವಾನ್ಸ್', ಕತ್ತಲೆಯಲ್ಲಿ ನಡೆಯುತ್ತಿದ್ದ ಸಮರಾಭ್ಯಾಸದ ವೇಳೆ ಆಸ್ಟ್ರೇಲಿಯಾದ ವಿಮಾನವಾಹಕ ನೌಕೆ 'ಮೆಲ್ಬರ್ನ್'ಗೆ ಅಡ್ಡಬಂದು ಎರಡಾಗಿ ಸೀಳಿತು. ಮುಂಭಾಗವು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸತ್ತವರು 74 ಮಂದಿ, ಅವರಲ್ಲಿ ಮೂವರು ಒಂದೇ ತಾಯಿಯ ಮಕ್ಕಳು. ಆ ನೌಕೆ ಅದಕ್ಕೆ ಮೊದಲು ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿತ್ತು. ಆದರೆ ಅಪಘಾತ ನಡೆದ ಸ್ಥಳವು ಸರ್ಕಾರ ಗುರುತಿಸಿದ ಯುದ್ಧವಲಯದ ಗೆರೆಯಿಂದ ಹೊರಗಿತ್ತು. ಅದೇ ಕಾರಣದಿಂದ ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಸಮರ್ಪಿತವಾದ ವಿಯೆಟ್ನಾಂ ಯೋಧರ ಸ್ಮಾರಕದಲ್ಲಿ ಅವರ ಹೆಸರುಗಳಿಗೆ ಸ್ಥಳ ದೊರೆಯಲಿಲ್ಲ. ಬದುಕುಳಿದ ಸಂಗಡಿಗರೂ ಬಂಧುಗಳೂ ದಶಕಗಳ ಕಾಲ ಕಚೇರಿಗಳ ಬಾಗಿಲು ತಟ್ಟಿದರು. ಆ ಹೆಸರುಗಳನ್ನು ಸೇರಿಸಬೇಕೆಂದು ಅಲ್ಲಿನ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮಸೂದೆಗಳು ಮಂಡನೆಯಾದವು.

ದೂರದ ದೇಶದ ಈ ವಿಷಯ ನಮಗೇಕೆ ಎಂದು ಓದುಗರು ಕೇಳಬಹುದು. 58,000ಕ್ಕೂ ಹೆಚ್ಚು ಹೆಸರುಗಳನ್ನು ಹೊತ್ತು ನಿಂತಿರುವ ಆ ಸ್ಮಾರಕದ ಕಪ್ಪು ಗ್ರಾನೈಟ್ ಶಿಲೆ ಹೋದದ್ದು ನಮ್ಮ ಬೆಂಗಳೂರು ಸೀಮೆಯಿಂದಲೇ! ಬಂಡೆಯ ಬೆಟ್ಟಗಳ ನಡುವೆ ಬಾಳುವ ನಮಗೆ ಕಲ್ಲು ಹೊಸದಲ್ಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆ ಇಂದಿಗೂ ಭೂವಿಜ್ಞಾನಿಗಳ ಪುಸ್ತಕಗಳಲ್ಲಿ ಒಂದು ಬಗೆಯ ಗ್ರಾನೈಟಿನ ಹೆಸರಾಗಿ ಉಳಿದಿದೆ. ಮಾಗಡಿಯ ಸಾವನದುರ್ಗವೋ ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದು. ಕಲ್ಲಿಗೆ ಬರವಿಲ್ಲದ ನಾಡಿನವರು ನಾವು. ಕಲ್ಲಿನ ಮೇಲೆ ಯಾರ ಹೆಸರು ಬರೆಯಬೇಕು ಎಂಬ ಪ್ರಶ್ನೆ ನಮಗೂ ಸೇರಿದ್ದು.

ನಮ್ಮ ದೇಶದ ಮಾತಿಗೆ ಬರೋಣ. 1971ರ ಡಿಸೆಂಬರ್ 9ರ ರಾತ್ರಿ ದಿಯು ಕಡಲತೀರದಾಚೆ ನಮ್ಮ ಯುದ್ಧನೌಕೆ 'ಖುಕ್ರಿ' ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೋ ದಾಳಿಗೆ ಸಿಲುಕಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಡನೆ ಜಲಸಮಾಧಿಯಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಜೀವರಕ್ಷಕ ಅಂಗಿಯನ್ನು ಕಿರಿಯ ನಾವಿಕನೊಬ್ಬನಿಗೆ ಕೊಟ್ಟು, ತಾವು ಹಡಗನ್ನು ಬಿಡದೆ ಅದರೊಡನೆಯೇ ಹೋದರು. ದೇಶವು ಅವರಿಗೆ ಮರಣೋತ್ತರ ಮಹಾವೀರ ಚಕ್ರವನ್ನಿತ್ತಿತು. ದಿಯುವಿನ ದಿಬ್ಬದ ಮೇಲೆ ಗಾಜಿನ ಮನೆಯೊಳಗೆ ಆ ಹಡಗಿನ ಪುಟ್ಟ ಮಾದರಿಯೊಂದು ಸಮುದ್ರಕ್ಕೆ ಮುಖಮಾಡಿ ನಿಂತಿದೆ. ಸ್ವಾತಂತ್ರ್ಯಾನಂತರ ದೇಶಕ್ಕಾಗಿ ಮಡಿದ ಮೂರೂ ಪಡೆಗಳ ಯೋಧರಿಗಾಗಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರವರಿ 25ರಂದು. ಅಲ್ಲಿನ ತ್ಯಾಗಚಕ್ರದಲ್ಲಿ ಆ ಹೊತ್ತಿಗೆ 25,942 ಹೆಸರುಗಳು ಕಲ್ಲಿನಲ್ಲಿ ಮೂಡಿದ್ದವು.

ಆದರೆ ಅಲ್ಲಿಯೂ ಒಂದು ಗೆರೆಯಿದೆ, ಅದು ಕಾಲದ ಗೆರೆ. ಎರಡನೆಯ ಮಹಾಯುದ್ಧದಲ್ಲಿ ಮಡಿದು ಕಡಲ ಹೊರತು ಬೇರೆ ಗೋರಿಯಿಲ್ಲದ ಅವಿಭಜಿತ ಭಾರತದ ನಾವಿಕರ ಸಂಖ್ಯೆ 6,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ನೌಕಾಪಡೆಯವರಲ್ಲ, ಸರಕು ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ತುಂಬಿದವರು, ಅಡಿಗೆ ಮಾಡಿದವರು, ಹಗ್ಗ ಎಳೆದವರು. ಅವರ ಹೆಸರುಗಳಿರುವುದು ಗೋಡೆಯ ಮೇಲಲ್ಲ, ಪುಸ್ತಕದಲ್ಲಿ. ಅದರ ಒಂದು ಪ್ರತಿಯನ್ನು ಮುಂಬಯಿಯಲ್ಲಿಯೂ ಇನ್ನೊಂದನ್ನು ಇಂದಿನ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿಯೂ ಇರಿಸಲಾಯಿತು. ಯಾರಾದರೂ ಕೇಳಿ ತೆರೆಸಿದರಲ್ಲದೆ ಆ ಹೆಸರುಗಳು ಬೆಳಕು ಕಾಣುವುದಿಲ್ಲ.

ಸರ್ಕಾರಗಳು ಗೆರೆ ಎಳೆಯುವುದಕ್ಕೂ ಕಾರಣವಿದೆ ಎಂಬುದನ್ನು ಒಪ್ಪಬೇಕು. ಒಂದು ಹೆಸರನ್ನು ಸೇರಿಸಿದರೆ ಇನ್ನೊಬ್ಬರು ಕೇಳುತ್ತಾರೆ, ಗೋಡೆಗೂ ಒಂದು ಕೊನೆಯಿದೆ. ಆದರೆ ಆ ಗೆರೆಯನ್ನು ಎಳೆಯಬೇಕಾದದ್ದು ಮನುಷ್ಯನ ಸೇವೆಯನ್ನು ನೋಡಿಯೋ, ಅವನು ಸತ್ತ ನೀರಿನ ಅಕ್ಷಾಂಶ ರೇಖಾಂಶಗಳನ್ನು ನೋಡಿಯೋ? ಆಜ್ಞೆಗೆ ತಲೆಬಾಗಿ ಹಡಗೇರಿದವನು, ಅದು ಯಾವ ನೀರಿನಲ್ಲಿ ಮುಳುಗಬೇಕೆಂದು ತಾನೇ ಆರಿಸಿಕೊಳ್ಳುವುದಿಲ್ಲ. ಕರ್ತವ್ಯದಲ್ಲಿ ಮಡಿದವನ ಹೆಸರನ್ನು ಒಳಗೆ ತರಲು ಕಾನೂನು ಬೇಕಾದರೆ ಅಂಥ ಕಾನೂನು ನ್ಯಾಯವಾದದ್ದೇ ಎಂದು ನನಗೆ ತೋರುತ್ತದೆ.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ಇನ್ನೂ ಧಾರಾಳಿಗಳಾಗಿದ್ದರು. ಕನ್ನಡ ನಾಡಿನ ವೀರಗಲ್ಲುಗಳು ರಾಜರ ಯುದ್ಧದಲ್ಲಿ ಬಿದ್ದವರಿಗಷ್ಟೇ ಮೀಸಲಾಗಿರಲಿಲ್ಲ. ಊರ ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೂ, ಹುಲಿಯೊಡನೆ ಹೋರಾಡಿ ಮಡಿದವನಿಗೂ ಕಲ್ಲು ನೆಟ್ಟರು. ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಪ್ರಸಿದ್ಧ ಶಾಸನವು, ಹಂದಿಯೊಡನೆ ಕಾದಾಡಿ ಸತ್ತ 'ಕಾಳಿ' ಎಂಬ ಬೇಟೆನಾಯಿಯ ನೆನಪನ್ನು ಉಳಿಸಿದೆ. ಅದರ ಒಡೆಯ ಮಣಲೇರನು ಆ ನಾಯಿಯ ನಿಷ್ಠೆಗಾಗಿ ಕಲ್ಲು ನಿಲ್ಲಿಸಿದನು. ನಾಯಿಯೊಂದರ ಹೆಸರು ಸಾವಿರ ವರ್ಷ ಉಳಿದಿದೆ. ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯನ ಹೆಸರಿಗೆ ಜಾಗವಿಲ್ಲ ಎನ್ನುವುದು ಯಾವ ನ್ಯಾಯ?

ಪವಿತ್ರ ಗ್ರಂಥವೂ ನಮಗೆ ದಾರಿ ತೋರುತ್ತದೆ. ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಯೂದನು ಯುದ್ಧದಲ್ಲಿ ಬಿದ್ದ ತನ್ನ ಸೈನಿಕರ ಶವಗಳನ್ನು ಎತ್ತಿಸುವಾಗ, ಅವರ ಅಂಗಿಯೊಳಗೆ ಧರ್ಮಶಾಸ್ತ್ರ ನಿಷೇಧಿಸಿದ ವಿಗ್ರಹಗಳ ತಾಯಿತಗಳು ಕಾಣುತ್ತವೆ. ನಿಯಮದ ಪ್ರಕಾರ ಅವರು ಅನರ್ಹರು. ಆದರೂ ಯೂದನು ಅವರ ಕೈಬಿಡಲಿಲ್ಲ. ಎಲ್ಲರೊಡನೆ ಕೂಡಿ ಪ್ರಾರ್ಥಿಸಿ, ಸುಮಾರು ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು. ಪುನರುತ್ಥಾನದಲ್ಲಿ ನಂಬಿಕೆಯಿದ್ದುದರಿಂದಲೇ ಅವನು ಹಾಗೆ ಮಾಡಿದನೆಂದು ಗ್ರಂಥಕರ್ತನು ಹೇಳುತ್ತಾನೆ. ಪ್ರಕಟನಾ ಗ್ರಂಥದ ಕೊನೆಯ ತೀರ್ಪಿನ ದರ್ಶನದಲ್ಲಿ ಸಮುದ್ರವೂ ತನ್ನೊಳಗಿನ ಮೃತರನ್ನು ಒಪ್ಪಿಸುತ್ತದೆ. ಅಂದು ದೇವರು ಯಾವ ಭೂಪಟವನ್ನೂ ಬಿಚ್ಚಿ ನೋಡುವುದಿಲ್ಲ.

ಆದ್ದರಿಂದ ನನ್ನದೊಂದು ವಿನಂತಿ. ನಮ್ಮ ಸೀಮೆಗೆ ಸಮುದ್ರವಿಲ್ಲ, ನಿಜ. ಆದರೆ ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯ ನೀರು ಕೊನೆಗೆ ಹೋಗುವುದು ಕಡಲಿಗೇ. ನಮ್ಮ ಪ್ರಾರ್ಥನೆಯೂ ಅಷ್ಟು ದೂರ ಹೋಗಲಿ. ಬರುವ ನವೆಂಬರಿನಲ್ಲಿ ನಮ್ಮ ಧರ್ಮಕೇಂದ್ರಗಳ ಚೀಟಿಗಳ ನಡುವೆ ಒಂದು ಚೀಟಿ ಕಡಲಿನಲ್ಲಿ ಮಡಿದವರಿಗಾಗಿ ಇರಲಿ. ಅವರು ಯಾವ ದೇಶದವರು, ಯಾವ ಧರ್ಮದವರು ಎಂಬ ಲೆಕ್ಕ ಬೇಡ. ಗೋಡೆಗಳ ಮೇಲೆ ಅವರ ಹೆಸರು ಮೂಡುವುದು ಶಾಸನಸಭೆಗಳ ಕೈಯಲ್ಲಿದೆ, ದೊಡ್ಡ ಶಿಲುಬೆಯ ಬುಡದಲ್ಲಿ ಅವರಿಗೊಂದು ಬತ್ತಿ ಹಚ್ಚುವುದು ನಮ್ಮ ಕೈಯಲ್ಲಿದೆ.