ವೇರೂಳದ ಖಾನಾವಳಿಯಲ್ಲಿ ಅವ್ವ

ಅವ್ವ ವೇರೂಳದಲ್ಲಿ ರೊಟ್ಟಿ ಬಡಿದ ಕಥೆಯನ್ನು ನಮ್ಮ ಮನೆಯ ಮಕ್ಕಳು ಈಗಲೂ ಕಾಡಿ ಬೇಡಿ ಹೇಳಿಸುತ್ತಾರೆ.

ದೀಪಾವಳಿ ಮುಗಿದಿತ್ತು. ನಾಸಿಕದ ರಾಮಕುಂಡದಲ್ಲಿ ಸ್ನಾನ ಮಾಡಿ, ಮಿಸಳ ತಿಂದು ಹೊರಟೆವು. ಮೊಳಕೆ ಬಂದ ಮಡಕಿ ಕಾಳು, ಮೇಲೆ ಫರಸಾಣ, ಪಕ್ಕಕ್ಕೆ ಹಪ್ಪಳ, ಕೇಳಿದಷ್ಟು ಖಾರದ ರಸ್ಸಾ. ನನಗೆ ಅದು ಹಬ್ಬ. ಅವ್ವ ಮಾತ್ರ ಪಾವ್ ಮುಟ್ಟಲಿಲ್ಲ. ಅವಳಿಗೆ ರೊಟ್ಟಿಯಿಲ್ಲದ್ದು ಊಟವೇ ಅಲ್ಲ.

ವೇರೂಳ ಮುಟ್ಟಿದಾಗ ಸೋಮವಾರ ಸಂಜೆ. ಅಲ್ಲಿನ ಎಲ್ಲೋರದ ಗುಹೆಗಳಿಗೆ ಮಂಗಳವಾರ ರಜೆ, ಅದಕ್ಕೇ ಊರಲ್ಲೇ ಉಳಿಯುವುದೆಂದು ಮೊದಲೇ ಮಾತಾಗಿತ್ತು. ಹೆಚ್ಚಿನವರು ಸುಮಾರು 30 ಕಿ.ಮೀ. ದೂರದ ಛತ್ರಪತಿ ಸಂಭಾಜಿನಗರದಿಂದ ಬಂದು ಕತ್ತಲಾಗುವುದರೊಳಗೆ ಮರಳುತ್ತಾರೆ. ಅವರಿಗೆ ಗುಹೆ ಸಿಗುತ್ತದೆ, ಊರು ಸಿಗುವುದಿಲ್ಲ.

ಘೃಷ್ಣೇಶ್ವರ ಗುಡಿ ಅಹಲ್ಯಾಬಾಯಿ ಹೋಳ್ಕರ್ 18ನೇ ಶತಮಾನದಲ್ಲಿ ಮತ್ತೆ ಕಟ್ಟಿಸಿದ್ದು. ಕಾರ್ತೀಕ ಸೋಮವಾರವಾದ್ದರಿಂದ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಬದಿಯ ಖಾನಾವಳಿಯಲ್ಲೂ ಅದೇ ಪಾಡು: ಒಲೆಯ ಮುಂದೆ ಒಬ್ಬಳೇ ಬಾಯಿ, ಹಸಿದು ಕೂತ ಪಂಕ್ತಿ. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ತವರು ಜತ್ತ ಕಡೆಯದು, ಮರಾಠಿ ಸಲೀಸು.

"ಸರಿ ತಂಗಿ, ನಾ ಬಡೀತೀನಿ, ನೀ ಬೇಯಸು."

"ಬೇಡ ಮಾವಶಿ, ನೀವು ಊಟಕ್ಕೆ ಬಂದವರು."

ಅಷ್ಟರಲ್ಲಿ ಅವ್ವ ಬಿಸಿನೀರು ಹಾಕಿ ಜೋಳದ ಹಿಟ್ಟು ನಾದತೊಡಗಿದ್ದಳು. ಅಂಗೈ ಅಗಲದ ಮುದ್ದೆ ನಾಲ್ಕು ಬಡಿತಕ್ಕೆ ತಟ್ಟೆಯಗಲವಾಗುತ್ತಿತ್ತು. ಹಂಚಿನ ಮೇಲೆ ಬಿದ್ದ ರೊಟ್ಟಿಗೆ ಆ ಬಾಯಿ ಒದ್ದೆ ಕೈಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡಕ್ಕೆ ಒಡ್ಡುತ್ತಿದ್ದಳು. ಉಬ್ಬಿದ್ದೇ ತಡ, ತಾಟಿಗೆ. ಜೊತೆಗೆ ಝುಣಕ, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿದ ಠೇಚಾ. ಅಂಥ ಊಟ ಯಾವ ದೊಡ್ಡ ಹೋಟೆಲಿನಲ್ಲೂ ನಾನು ಉಂಡಿಲ್ಲ.

ಮಂಗಳವಾರ ದೌಲತಾಬಾದ್ ಕೋಟೆ, ದಾರಿಬದಿಯ ಸೀತಾಫಲ. ಬುಧವಾರ ಗುಹೆಗಳ ಬಾಗಿಲು ತೆರೆಯುತ್ತಲೇ ಕೈಲಾಸ ಗುಡಿ. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣ 8ನೇ ಶತಮಾನದಲ್ಲಿ ಮಾಡಿಸಿದ ಕೆಲಸ. ಬೆಟ್ಟವನ್ನು ನೆತ್ತಿಯಿಂದ ಕೆಳಗೆ ಕಡಿಯುತ್ತ ಬಂದಿದ್ದಾರೆ. ಕಟ್ಟಿದ ಶಿಲ್ಪಿಯೇ ಬೆರಗಾದನೆಂದು ಕರ್ಕರಾಜನ ಬಡೋದೆ ತಾಮ್ರಪಟ ಹೇಳುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅವ್ವ ನಡುವೆಯೇ ಕೇಳಿದಳು:

"ಇಷ್ಟು ಮಂದಿ ಕಲ್ಲು ಕಡದವ್ರಿಗೆ ರೊಟ್ಟಿ ಬಡದವ್ರು ಯಾರೋ?"

ನನ್ನ ಬಳಿ ಉತ್ತರವಿರಲಿಲ್ಲ. ಮಧ್ಯಾಹ್ನ ಖಾನಾವಳಿಯ ಬಾಯಿಗೂ ಅದನ್ನೇ ಕೇಳಿದಳು. ಆಕೆ ಹಿಟ್ಟಿನ ಪರಾತವನ್ನು ಅವ್ವನತ್ತ ಸರಿಸಿದಳು.

"ನಮ್ಮಂಥವರೇ ಮಾವಶಿ, ಇನ್ಯಾರು?"