ಹತ್ತು ಕಾಳು ಮೆಣಸು

ಹೋಟೆಲಿನಲ್ಲಿ ಖಾರ ಪೊಂಗಲ್ ತಿಂದು ಎದ್ದವರ ತಟ್ಟೆಗಳನ್ನು ಒಮ್ಮೆ ಗಮನಿಸಬೇಕು. ಅನ್ನ, ಹೆಸರುಬೇಳೆ, ತುಪ್ಪ, ಗೋಡಂಬಿ ಎಲ್ಲವೂ ಹೊಟ್ಟೆ ಸೇರಿರುತ್ತವೆ. ತಟ್ಟೆಯ ಅಂಚಿನಲ್ಲಿ ಮಾತ್ರ ಕರಿ ಕಾಳುಗಳ ಒಂದು ಸಾಲು. ಮಾತಾಡುತ್ತಲೇ ಒಂದೊಂದು ಕಾಳನ್ನೂ ನಾಲಿಗೆಯಲ್ಲಿ ಪತ್ತೆಹಚ್ಚಿ, ತುಟಿಗೆ ತಂದು, ಬೆರಳಿನಿಂದ ಅಂಚಿಗೆ ಸರಿಸುವ ಕೈಚಳಕ ನಮ್ಮವರಿಗೆ ಹುಟ್ಟಿನಿಂದಲೇ ಬಂದದ್ದು. ಅದೇ ಮನುಷ್ಯ ಕೈತೊಳೆದು, ಕಾಫಿ ಬರುವಷ್ಟರಲ್ಲಿ ಮೊಬೈಲ್ ತೆಗೆದು, ಕಾಳುಮೆಣಸಿನ ಮಹಾಪ್ರಯೋಜನಗಳ ಪಟ್ಟಿಯೊಂದನ್ನು ಬಂಧುಬಳಗದ ಗುಂಪಿಗೆಲ್ಲ ದಾಟಿಸುತ್ತಾನೆ. ತೂಕ ಇಳಿಯುತ್ತದೆ, ಕೂದಲು ಬೆಳೆಯುತ್ತದೆ, ನೆನಪು ಚುರುಕಾಗುತ್ತದೆ, ಕ್ಯಾನ್ಸರ್ ಓಡಿಹೋಗುತ್ತದೆ. ಓಡಿಸಬೇಕಾದ ಮೆಣಸು ಪಾಪ, ತಟ್ಟೆಯ ಜೊತೆ ತೊಟ್ಟಿಗೆ ಹೋಗಿರುತ್ತದೆ.

ಆ ಪಟ್ಟಿಗಳು ಪೂರಾ ಸುಳ್ಳಾಗಿದ್ದರೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ. ಹಾಲಿಗಿಂತ ಮೆಣಸಿನಲ್ಲಿ ಮೂರು ಪಟ್ಟು ಹೆಚ್ಚು ಕ್ಯಾಲ್ಸಿಯಂ ಇದೆ ಎಂದು ಒಂದು ಸಂದೇಶ ಬಂದಿತ್ತು. ತೂಕಕ್ಕೆ ತೂಕ ಹಿಡಿದರೆ ಮಾತು ನಿಜ. 100 ಗ್ರಾಂ ಮೆಣಸಿನಲ್ಲಿ 400 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇರುತ್ತದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಆದರೆ 100 ಗ್ರಾಂ ಮೆಣಸೆಂದರೆ ಅಂಗಡಿಯ ಒಂದು ಪೊಟ್ಟಣ, ನಮ್ಮಂಥ ಮನೆಗೆ ತಿಂಗಳು ದಾಟಿ ಬರುತ್ತದೆ. ಒಂದು ಲೋಟ ಹಾಲಿನ ಸಮಕ್ಕೆ ನಿಲ್ಲಬೇಕಾದರೆ ಅರ್ಧ ಪೊಟ್ಟಣಕ್ಕಿಂತ ಹೆಚ್ಚು ಮೆಣಸನ್ನು ಅರೆದು ಕುಡಿಯಬೇಕು. ಹಾಗೆ ಕುಡಿದವನಿಗೆ ಮೂಳೆಯ ಚಿಂತೆ ಉಳಿಯುವುದಿಲ್ಲ, ಬೇರೆ ಚಿಂತೆಗಳು ಹತ್ತಿಕೊಳ್ಳುತ್ತವೆ.

ಪ್ರಮಾಣ ಬಿಟ್ಟು ಗುಣ ಹೇಳುವುದು ಈ ಕಾಲದ ಚಾಳಿ. ಅಡುಗೆಮನೆಯಲ್ಲಿ ಅದು ಉಲ್ಟಾ. ಅಲ್ಲಿ ಮೆಣಸಿನ ಗುಣ ಏನೆಂದು ಯಾರೂ ಉಪನ್ಯಾಸ ಕೊಡುವುದಿಲ್ಲ, ಎಷ್ಟು ಹಾಕಬೇಕೆಂಬುದನ್ನು ಮಾತ್ರ ಬಲ್ಲರು. ಸಾಗರದ ಕಡೆ ಇರುವ ನನ್ನ ಸೋದರತ್ತೆಯನ್ನು ಒಮ್ಮೆ ಫೋನಿನಲ್ಲಿ ಕೇಳಿದ್ದೆ, “ಅತ್ತೆ, ಮೆಣಸಿನ ಸಾರಿಗೆ ಎಷ್ಟು ಕಾಳು ಹಾಕ್ತೀರಿ?”

“ಜ್ವರ ಬಂದಿರೋದು ಯಾರಿಗೆ ಅಂತ ಹೇಳು ಮೊದ್ಲು,” ಅಂದರು. “ಮಕ್ಕಳಾದ್ರೆ ನಾಕು ಕಾಳು ಸಾಕು. ನಿನ್ನಂಥೋರಿಗೆ ಹತ್ತು. ಹೊಟ್ಟೆ ಉರಿ ಇರೋರಿಗಾದ್ರೆ ಜೀರಿಗೆ ಜಾಸ್ತಿ ಮಾಡು, ಮೆಣಸು ಕಡ್ಮೆ ಮಾಡು.”

ಔಷಧದ ಅಂಗಡಿಯ ಯಾವ ಡಬ್ಬಿಯ ಮೇಲೂ ಇಷ್ಟು ವಿವರ ಬರೆದಿರುವುದಿಲ್ಲ.

ಈ ಲೆಕ್ಕ ಬಹಳ ಹಳೆಯದು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದು ಇಳಿದದ್ದು ಹದಿನಾರನೆಯ ಶತಮಾನದಲ್ಲಿ. ಅದಕ್ಕೆ ಮೊದಲು ನಮ್ಮ ಸಾರು, ಹುಳಿ, ಗೊಜ್ಜುಗಳ ಖಾರವೆಲ್ಲ ಬಹುಪಾಲು ಈ ಬಳ್ಳಿಯ ಕಾಳಿನದೇ. ಹೊಸಬ ಅಗ್ಗವಾಗಿದ್ದ, ಕೆಂಪಗೆ ಚೆನ್ನಾಗಿದ್ದ, ಹಿತ್ತಲಿನಲ್ಲಿ ಬೆಳೆಯುತ್ತಿದ್ದ. ಅಡುಗೆಮನೆ ಅವನ ಪಾಲಾಯಿತು. ಎರಡು ಕಡೆ ಮಾತ್ರ ಹಳಬನನ್ನು ಕದಲಿಸಲಾಗಲಿಲ್ಲ. ಒಂದು ಶ್ರಾದ್ಧದ ಅಡುಗೆ. ಎಷ್ಟೋ ಮನೆಗಳಲ್ಲಿ ಅಂದು ಮೆಣಸಿನಕಾಯಿ ಒಲೆಯ ಹತ್ತಿರವೂ ಸುಳಿಯಬಾರದು. ಉಣ್ಣಲು ಬರುವ ಪಿತೃಗಳು ಅದನ್ನು ಕಂಡವರಲ್ಲವಲ್ಲ. ಇನ್ನೊಂದು ಬಾಣಂತಿಯ ಊಟ. ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ, ಮೆಣಸಿನ ಸಾರು. ಹೋದವರಿಗೂ ಬಂದವರಿಗೂ ಬಡಿಸುವಾಗ ನಮ್ಮ ಹೆಂಗಸರು ಹೊಸದನ್ನು ನಂಬಲಿಲ್ಲ.

ಆ ಪೋರ್ಚುಗೀಸರಾದರೂ ಬಂದದ್ದು ಇದೇ ಕಾಳಿನ ಆಸೆಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಅವರಿಗಿಂತ ಸಾವಿರ ವರ್ಷ ಹಿಂದೆ, 408ರಲ್ಲಿ, ರೋಮ್ ನಗರವನ್ನು ಮುತ್ತಿದ ಅಲಾರಿಕ್ ಮುತ್ತಿಗೆ ತೆಗೆಯಲು ಕೇಳಿದ ಕಪ್ಪದಲ್ಲಿ ಚಿನ್ನ ಬೆಳ್ಳಿಯ ಜೊತೆ 3000 ಪೌಂಡ್ ಮೆಣಸೂ ಇತ್ತು. ಮೆಣಸು ಅಷ್ಟು ತುಟ್ಟಿಯಾಗಿದ್ದಾಗ ಯಾರಾದರೂ ಅದನ್ನು ತಟ್ಟೆಯಂಚಿಗೆ ಸರಿಸಿದ್ದರೋ ಇಲ್ಲವೋ.

ಕಾಳಿನೊಳಗೆ ಏನಿದೆ ಎಂದು ಮೊದಲು ಬಿಡಿಸಿ ನೋಡಿದವನು ಡೆನ್ಮಾರ್ಕಿನ ಅರ್ಸ್ಟೆಡ್. 1819ರಲ್ಲಿ ಆತ ಮೆಣಸಿನ ಖಾರದ ಸಾರವಾದ ಪೈಪರಿನ್ ಅನ್ನು ಬೇರ್ಪಡಿಸಿದ. ಮಾರನೆಯ ವರ್ಷ ತಂತಿಯಲ್ಲಿ ವಿದ್ಯುತ್ ಹರಿದಾಗ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡು ಜಗತ್ಪ್ರಸಿದ್ಧನಾದ, ಮೆಣಸಿನ ಕೆಲಸ ಮರೆತೇ ಹೋಯಿತು. ಒಣಗಿದ ಕಾಳಿನ ತೂಕದಲ್ಲಿ ನೂರಕ್ಕೆ ಐದರ ಸುಮಾರು ಈ ಪೈಪರಿನ್. ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಅದು ಕೆಣಕುತ್ತದೆ. ಬಾಯಿ ಸುಟ್ಟಿರುವುದಿಲ್ಲ, ಸುಟ್ಟಿತೆಂದು ಮಿದುಳಿಗೆ ಸುದ್ದಿ ಹೋಗಿರುತ್ತದೆ. ಸುದ್ದಿ ನಂಬಿದ ದೇಹ ಬೆವರುತ್ತದೆ, ಮೂಗು ಸುರಿಸುತ್ತದೆ, ಬಾಯಲ್ಲಿ ನೀರೂರಿಸುತ್ತದೆ.

ನೆಗಡಿಗೆ ಮೆಣಸಿನ ಸಾರು ಎನ್ನುವುದರ ಒಳಗುಟ್ಟು ಇಷ್ಟೇ. ನೆಗಡಿ ತರುವ ವೈರಸ್ಸಿಗೆ ಸಾರಿನ ಹೆದರಿಕೆಯೇನಿಲ್ಲ, ಅದು ತನ್ನ ವಾರ ಮುಗಿಸಿಯೇ ಹೋಗುತ್ತದೆ. ಆದರೆ ಕಟ್ಟಿದ ಮೂಗು ಸ್ವಲ್ಪ ಸಡಿಲಾಗುತ್ತದೆ, ಬಿಸಿ ನೀರೂ ಉಪ್ಪೂ ಮೈಗೆ ಸೇರುತ್ತವೆ. ಏನೂ ಬೇಡವೆಂದು ಮುಖ ತಿರುಗಿಸಿದವನು ಎರಡು ತುತ್ತು ಅನ್ನ ಉಣ್ಣುತ್ತಾನೆ. ಇದನ್ನು ಚಿಕಿತ್ಸೆ ಎಂದು ಕರೆಯಲು ನಾನು ಹಿಂಜರಿಯುತ್ತೇನೆ. ಹಾಗೆಂದು ಸಣ್ಣ ಉಪಕಾರವೂ ಅಲ್ಲ.

ಮೆಣಸಿನ ನಿಜವಾದ ಚಮತ್ಕಾರ ಬೇರೆ ಇದೆ. ಅದು ಬೆಳಕಿಗೆ ಬಂದದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ಆರೋಗ್ಯವಂತರಿಗೆ ಅರಿಶಿನದ ಸಾರವಾದ ಕರ್ಕ್ಯುಮಿನ್ ಅನ್ನು 2 ಗ್ರಾಂ ಕೊಟ್ಟರು. ರಕ್ತದಲ್ಲಿ ಹುಡುಕಿದರೆ ಅದು ಕಂಡೂ ಕಾಣದಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಸೇರಿಸಿ ಕೊಟ್ಟಾಗ ರಕ್ತ ಸೇರಿದ ಪ್ರಮಾಣ ಶೇಕಡಾ 2000 ಏರಿತು. ಇಲಿಗಳಲ್ಲಿ ಅದೇ ಏರಿಕೆ ಶೇಕಡಾ 154 ಮಾತ್ರ. ಕರ್ಕ್ಯುಮಿನ್‌ನಂಥ ಪರಕೀಯ ವಸ್ತು ಬಂದರೆ ನಮ್ಮ ಕರುಳಿನ ಗೋಡೆಯೂ ಯಕೃತ್ತೂ ಅದಕ್ಕೊಂದು ಚೀಟಿ ಅಂಟಿಸಿ ಹೊರಗೆ ಸಾಗಹಾಕುತ್ತವೆ. ಆ ಚೀಟಿ ಅಂಟಿಸುವ ಕಿಣ್ವಗಳ ಕೈಯನ್ನು ಪೈಪರಿನ್ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ. ಸರ್ಕಾರಿ ಕಚೇರಿಯಲ್ಲಿ ಸಾಹೇಬರೂ ಅಲ್ಲದ, ಗುಮಾಸ್ತರೂ ಅಲ್ಲದ, ಬಾಗಿಲ ಜವಾನನ ಹೆಗಲ ಮೇಲೆ ಕೈಹಾಕಿ ಮಾತಿಗೆಳೆದು ನಿಮ್ಮನ್ನು ಒಳಗೆ ಬಿಡಿಸುವ ಪುಣ್ಯಾತ್ಮನೊಬ್ಬ ಇರುತ್ತಾನಲ್ಲ, ಮೆಣಸಿನದು ಆ ಉದ್ಯೋಗ.

ಈ ಸಂಖ್ಯೆಯನ್ನು ಹಿಡಿದುಕೊಂಡು ಈಗ ಅರಿಶಿನದ ಹಾಲಿಗೆ ಚಿಟಿಕೆ ಮೆಣಸು ಹಾಕಿ ಇಪ್ಪತ್ತು ಪಟ್ಟು ಫಲ ಪಡೆಯಿರಿ ಎಂದು ಸಾರುತ್ತಾರೆ. ಪೆನ್ನು ಹಿಡಿದು ಲೆಕ್ಕ ಹಾಕಿದೆ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಪ್ರಯೋಗದ 2 ಗ್ರಾಂ ಬೇಕಾದರೆ 65 ಗ್ರಾಂ ಮೀರಿ ಅರಿಶಿನ, ಅಂದರೆ ಇಪ್ಪತ್ತು ಚಮಚ ದಾಟುತ್ತದೆ. ಅಷ್ಟು ಕುಡಿದವರು ಮದುವೆಮನೆಯ ಚಪ್ಪರಕ್ಕೆ ತೋರಣ ಕಟ್ಟುವ ಮೊದಲೇ ಹಳದಿಯಾಗಿರುತ್ತಾರೆ. ಮೆಣಸಿನ ಲೆಕ್ಕ ಮಾತ್ರ ಬೇರೆಯೇ ಬಂತು. 20 ಮಿಲಿಗ್ರಾಂ ಪೈಪರಿನ್‌ಗೆ 400 ಮಿಲಿಗ್ರಾಂ ಮೆಣಸು, ಎಂಟು ಹತ್ತು ಕಾಳು. ಅತ್ತೆಯ ಸಾರಿನಲ್ಲಿ ನನ್ನ ಪಾಲಿಗೆ ಬಂದದ್ದೂ ಅಷ್ಟೇ. ಕಾಕತಾಳೀಯವೇ ಇರಬೇಕು. ಆದರೂ ಪ್ರಯೋಗಾಲಯ ಅರಿಶಿನವನ್ನು ಅಡುಗೆಮನೆಯಿಂದ ಬಹುದೂರ ಒಯ್ದು, ಮೆಣಸನ್ನು ಮಾತ್ರ ಒಗ್ಗರಣೆ ಸೌಟಿನ ಅಳತೆಯಲ್ಲೇ ಉಳಿಸಿಕೊಂಡದ್ದು ನನಗೆ ಖುಷಿ ಕೊಟ್ಟಿತು.

ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿ.ಎಫ್.ಟಿ.ಆರ್.ಐ.ನ ವಿಜ್ಞಾನಿಗಳು ಸಾಂಬಾರ ಪದಾರ್ಥಗಳನ್ನು ವರ್ಷಗಟ್ಟಲೆ ಇಲಿಗಳಿಗೆ ತಿನ್ನಿಸಿ ನೋಡಿದವರು. ಪೈಪರಿನ್ ತಿಂದ ಇಲಿಗಳ ಮೇದೋಜೀರಕ ಗ್ರಂಥಿಯಲ್ಲಿ ಜೀರ್ಣಕ್ಕೆ ಬೇಕಾದ ಕಿಣ್ವಗಳು ಹೆಚ್ಚಿದ್ದವು. ಸೊಪ್ಪು ಕ್ಯಾರೆಟ್‌ಗಳಲ್ಲಿರುವ ಬೀಟಾ ಕ್ಯಾರೊಟಿನ್ ಕೂಡ ಮೆಣಸಿನ ಜೊತೆ ಚೆನ್ನಾಗಿ ಮೈಗೆ ಹತ್ತಿತು. ಇಲಿಯ ಮಾತನ್ನು ಮನುಷ್ಯನಿಗೆ ಹಾಗೇ ಅನ್ವಯಿಸುವಂತಿಲ್ಲ, ಬೆಂಗಳೂರಿನ ಪ್ರಯೋಗವೇ ಅದಕ್ಕೆ ಸಾಕ್ಷಿ. ಆದರೂ ಒಂದೆಲಗದ ತಂಬುಳಿಗೆ ಮೆಣಸು ಜೀರಿಗೆಯನ್ನು ತುಪ್ಪದಲ್ಲಿ ಹುರಿದು ಅರೆಯುವ ಮಲೆನಾಡಿನ ಪದ್ಧತಿ ಸುಮ್ಮನೆ ಬಂದದ್ದಲ್ಲವೇನೋ ಎನಿಸುತ್ತದೆ. ಆಯುರ್ವೇದದ ತ್ರಿಕಟುವಿನಲ್ಲೂ ಮೆಣಸು ಒಂಟಿಯಲ್ಲ. ಶುಂಠಿ, ಹಿಪ್ಪಲಿಯ ಜೊತೆ ಕೂಡಿ, ಇನ್ನೆಷ್ಟೋ ಔಷಧಗಳಿಗೆ ಬೆನ್ನಾಸರೆಯಾಗಿ ಬರುತ್ತದೆ.

ಇದೇ ಎಳೆ ಹಿಡಿದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ದೂರ ಹೋದರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ 450 ಮಿಲಿಗ್ರಾಂ ಬೇಕಾದಲ್ಲಿ, 10 ಮಿಲಿಗ್ರಾಂ ಪೈಪರಿನ್ ಸೇರಿಸಿದರೆ 200 ಸಾಕೆಂಬ ಮಾತ್ರೆ ಆ ದಾರಿಯಲ್ಲಿ ತಯಾರಾಗಿ ಮಾರುಕಟ್ಟೆಗೂ ಬಂತು.

ಆದರೆ ಬಾಗಿಲಲ್ಲಿ ನಿಂತ ಆ ಪುಣ್ಯಾತ್ಮನಿಗೆ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬ ವಿವೇಚನೆ ಇಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್, ಉಬ್ಬಸದ ಥಿಯೋಫಿಲಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಇವೂ ಪೈಪರಿನ್ ಜೊತೆಗಿದ್ದರೆ ರಕ್ತದಲ್ಲಿ ಹೆಚ್ಚುತ್ತವೆ. ಡಾಕ್ಟರು ಅಳೆದು ಬರೆದ ಮಾತ್ರೆ ಅಳತೆ ಮೀರಿ ಕೂರುತ್ತದೆ. ಅರಿಶಿನದ ಸಾರಕ್ಕೆ ಪೈಪರಿನ್ ಬೆರೆಸಿದ ಗುಳಿಗೆಗಳನ್ನು ದಿನವೂ ನುಂಗಿ ಯಕೃತ್ತಿಗೆ ಪೆಟ್ಟು ಮಾಡಿಕೊಂಡವರ ಪ್ರಕರಣಗಳು ಅಮೆರಿಕದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಊಟದ ಮೆಣಸಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ದಿನವೂ ಮಾತ್ರೆ ನುಂಗುವವರು ಗುಳಿಗೆಯ ಮೆಣಸಿಗೆ ಕೈಹಾಕುವ ಮುಂಚೆ ತಮ್ಮ ಡಾಕ್ಟರನ್ನು ಒಂದು ಮಾತು ಕೇಳಿದರೆ ಮಾತ್ರ ಕ್ಷೇಮ.

2020ರ ಲಾಕ್‌ಡೌನ್ ನೆನಪಿರಬಹುದು. ತುಳಸಿ, ದಾಲ್ಚಿನ್ನಿ, ಒಣಶುಂಠಿ, ಮೆಣಸಿನ ಕಷಾಯ ದಿನಕ್ಕೆ ಒಂದೋ ಎರಡೋ ಸಲ ಎಂದು ಆಯುಷ್ ಸಚಿವಾಲಯ ಹೇಳಿತ್ತು. ನಮ್ಮ ಬೀದಿಯಲ್ಲಿ ಭಯ ಹೆಚ್ಚಿದಷ್ಟೂ ಮೆಣಸು ಹೆಚ್ಚಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ತಿಂಗಳಾಗುವಷ್ಟರಲ್ಲಿ ಎದುರುಮನೆಯ ರಾಯರು ಗೇಟಿನಾಚೆ ನಿಂತು ಎದೆ ಉಜ್ಜಿಕೊಳ್ಳುತ್ತ, ಕೊರೋನಾ ಬರಲಿಲ್ಲ ಸಾರ್, ಎದೆಯುರಿ ಬಂತು ಅಂದರು.

ಇನ್ನು ಕೊಳ್ಳುವ ಮಾತು. ಪುಡಿ ಕೊಳ್ಳಬಾರದು. ಮೆಣಸಿನ ಪರಿಮಳದ ಎಣ್ಣೆ ಸಿಪ್ಪೆಯಲ್ಲಿರುತ್ತದೆ, ಪುಡಿಯಾದ ಮೇಲೆ ಬೇಗ ಹಾರಿಹೋಗುತ್ತದೆ. ಬೆಳಕು ತಾಕುತ್ತಿದ್ದರೆ ಪೈಪರಿನ್ ಕೂಡ ಖಾರವಿಲ್ಲದ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಆದ್ದರಿಂದ ಗಾಜಿನ ಶೀಶೆಯಲ್ಲಿ ಕಿಟಕಿ ಪಕ್ಕ ಇಡುವ ಶೋಕಿ ಬೇಡ. ಹಣ್ಣಾದ ಮೆಣಸನ್ನು ನೀರಿನಲ್ಲಿ ನೆನೆಸಿ ಸಿಪ್ಪೆ ಕಳೆದ ಬೋಳುಕಾಳಿನಲ್ಲಿ ಖಾರ ಉಳಿದು ಪರಿಮಳ ಕಡಿಮೆಯಾಗಿರುತ್ತದೆ. ಮಲೆನಾಡಿನ ಹಳಬರು ಅದನ್ನು ಕಷಾಯಕ್ಕೆಂದೇ ತೆಗೆದಿಡುತ್ತಾರೆ. ಅಂಗಡಿಯ ಕಾಳನ್ನು ಒಂದು ಹಿಡಿ ನೀರಿಗೆ ಹಾಕಿ ನೋಡಿ. ಬಲಿತ ಮೆಣಸು ತಳಕ್ಕೆ ಇಳಿಯುತ್ತದೆ. ಮೇಲೆ ತೇಲುವವು ಜೊಳ್ಳು, ಇಲ್ಲವೇ ಪಪ್ಪಾಯಿ ಬೀಜ. ಈಗ ದೇಶದಲ್ಲಿ ಕೇರಳವನ್ನೂ ಹಿಂದೆ ಹಾಕಿ ಅತಿ ಹೆಚ್ಚು ಮೆಣಸು ಬೆಳೆಯುವುದು ಕರ್ನಾಟಕ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಗೂ ಶಿರಸಿಯ ಅಡಿಕೆ ಮರಗಳಿಗೂ ಅದು ಹಬ್ಬಿದೆ. ಊರಿಂದ ಬರುವ ನೆಂಟರ ಚೀಲದಲ್ಲಿ ಅರ್ಧ ಕಿಲೋ ತರಿಸಿಕೊಳ್ಳಲಾರದಷ್ಟು ಸಂಬಂಧ ಕೆಡಿಸಿಕೊಂಡವರು ಮಾತ್ರ ಪಪ್ಪಾಯಿ ಬೀಜ ತಿನ್ನಬೇಕು.

ತಂದದ್ದನ್ನು ಇಡಿಯಾಗಿ ನುಂಗಬೇಡಿ, ಜಜ್ಜಿ. ಜಜ್ಜದ ಕಾಳಿನ ಸಾರ ಕಾಳಿನೊಳಗೇ ಉಳಿಯುತ್ತದೆ. ಅತ್ತೆಯ ಸಾರು ಹೀಗೆ: ಹತ್ತು ಕಾಳು ಮೆಣಸು, ಒಂದು ಚಮಚ ಜೀರಿಗೆ, ಸಿಪ್ಪೆ ಸಮೇತ ನಾಲ್ಕು ಎಸಳು ಬೆಳ್ಳುಳ್ಳಿ, ಕಲ್ಲಿನಲ್ಲಿ ತರಿತರಿಯಾಗಿ ಜಜ್ಜಿಕೊಳ್ಳಬೇಕು. ಹುಣಿಸೆ ನೀರು, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ, ಜಜ್ಜಿದ್ದನ್ನು ಕೊನೆಗೆ ಸೇರಿಸಿ, ಒಂದು ಕುದಿ ಬಂದೊಡನೆ ಇಳಿಸಬೇಕು, ಹೆಚ್ಚು ಕುದಿಸಿದರೆ ಘಮ ಹೋಗುತ್ತದೆ. ತುಪ್ಪದಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಮೆತ್ತಗಿನ ಬಿಸಿ ಅನ್ನಕ್ಕೆ ಮೊದಲ ದಿನ ಎರಡು ಸೌಟು, ಮಾರನೆ ದಿನ ಮೂರು. ಮಲಗಿದವನು ಇದೇನು ದಿನಾ ಇದೇ ಸಾರು ಎಂದು ಗೊಣಗಿ ಮಾವಿನಕಾಯಿ ಉಪ್ಪಿನಕಾಯಿ ಕೇಳಿದನೆಂದರೆ ಅತ್ತೆ ಹಣೆ ಮುಟ್ಟಿ ನೋಡುವುದಿಲ್ಲ. ಮಧ್ಯಾಹ್ನಕ್ಕೆ ಹುಳಿ ಮಾಡಲು ಬೇಳೆ ತೊಳೆಯಲು ಹೋಗುತ್ತಾರೆ.