ಸುಳಿಯ ಸೀಮೆಯಲ್ಲಿ

ಬೆಂಗಳೂರಿನಿಂದ ಅರಸೀಕೆರೆಯತ್ತ ಹೊರಟ ರೈಲು ಗುಬ್ಬಿಯನ್ನು ಹಿಂದಿಕ್ಕಿ ಬಾಣಸಂದ್ರವನ್ನು ಸಮೀಪಿಸುತ್ತಿರುವಂತೆ ಕಿಟಕಿಯಾಚೆಯ ನೋಟ ಬೇರೆಯಾಗತೊಡಗುತ್ತದೆ. ರಾಗಿಯ ಹೊಲಗಳು ವಿರಳವಾಗಿ, ತೆಂಗಿನ ತೋಟಗಳು ಒತ್ತಾಗುತ್ತವೆ. ತಿಪಟೂರು ಬರುವ ವೇಳೆಗೆ ಕಣ್ಣಿಗೆ ಬೀಳುವುದೆಲ್ಲ ತೆಂಗೇ. ತುರುವೇಕೆರೆಯ ದಾರಿ ಹಿಡಿದರೂ ಅಷ್ಟೆ, ಚಿಕ್ಕನಾಯಕನಹಳ್ಳಿಯ ದಾರಿ ಹಿಡಿದರೂ ಅಷ್ಟೆ. ಕಲ್ಪತರುವಿನ ನಾಡೆಂಬ ಹೆಸರು ಈ ಸೀಮೆಗೆ ಬರಿಯ ಅಲಂಕಾರವಲ್ಲ.

ಹೊರಗಿನಿಂದ ಬಂದವನು ಮರದಲ್ಲಿ ಕಾಯಿಯನ್ನು ನೋಡುತ್ತಾನೆ. ತೋಟದ ಒಡೆಯನ ದೃಷ್ಟಿಯಾದರೋ ಕಾಯಿಯ ಗೊನೆಯನ್ನು ದಾಟಿ, ಗರಿಗಳ ನಟ್ಟನಡುವೆ ಇನ್ನೂ ಬಿಚ್ಚಿಕೊಳ್ಳದೆ ಈಟಿಯಂತೆ ನೆಟ್ಟಗೆ ನಿಂತಿರುವ ಎಳೆಯ ಗರಿಯ ಮೇಲೆ ನಿಲ್ಲುತ್ತದೆ. ಅದೇ ಸುಳಿ. “ಸುಳಿ ಚೆನ್ನಾಗಿದೆಯೇನಪ್ಪ?” ಎಂದು ಆತ ಮರ ಹತ್ತಿದವನನ್ನು ಕೂಗಿ ಕೇಳುವುದು ಮನೆಮಂದಿಯ ಯೋಗಕ್ಷೇಮವನ್ನು ವಿಚಾರಿಸಿದಂತೆಯೇ ಇರುತ್ತದೆ.

ಇಂಗ್ಲಿಷಿನಲ್ಲಿ ‘ರೋಸೆಟ್’ ಎಂಬ ಮಾತೊಂದಿದೆ. ಪುಟ್ಟ ಗುಲಾಬಿಯೆಂಬುದು ಅದರ ಮೂಲಾರ್ಥ. ಪ್ರದರ್ಶನದಲ್ಲಿ ಬಹುಮಾನ ಪಡೆದ ಹಸುವಿಗೆ ಕಟ್ಟುವ ರಿಬ್ಬನ್ನಿನ ಹೂವು, ಕಲ್ಲಿನಲ್ಲಿ ಕಡೆದ ಹೂಬಿಲ್ಲೆ, ಒಂದೇ ಬುಡದ ಸುತ್ತ ವೃತ್ತವಾಗಿ ಹರಡಿದ ಎಲೆಗಳು, ಚಿರತೆಯ ಮೈಮೇಲಿನ ಮಚ್ಚೆ—ಇವೆಲ್ಲಕ್ಕೂ ಅವರಿಗೆ ಆ ಒಂದೇ ಹೆಸರು. ಹೂವಿನಂತೆ ಕಂಡದ್ದೆಲ್ಲ ಅಲ್ಲಿ ಒಂದಾಯಿತು. ಕನ್ನಡದ ‘ಸುಳಿ’ ಅದಕ್ಕಿಂತಲೂ ಜಾಣ ಪದ. ಅದು ಆಕಾರವನ್ನು ಮಾತ್ರ ಹಿಡಿಯುವುದಿಲ್ಲ. ತಿರುಗುವ ಚಲನೆಯನ್ನೂ ಹಿಡಿಯುತ್ತದೆ. ಕೆರೆಯ ತೂಬಿನ ಬಳಿ ನೀರು ಗಿರ್ರನೆ ತಿರುಗಿ ಒಳಗಿಳಿಯುವುದು ಸುಳಿ. ಬೇಸಗೆಯ ಮಧ್ಯಾಹ್ನ ಧೂಳನ್ನೆಬ್ಬಿಸಿ ಬರುವುದು ಸುಳಿಗಾಳಿ. ಸುಮ್ಮನೆ ಅತ್ತಿತ್ತ ಓಡಾಡುವವನು ಸುಳಿದಾಡುತ್ತಾನೆ; ಕಳ್ಳ ಬಿಟ್ಟುಹೋದ ಗುರುತು ಸುಳಿವು. ನಿಂತಲ್ಲಿ ನಿಲ್ಲದ ಜಂಗಮನ ನಡೆಗೆ ವಚನಕಾರರು ಬಳಸಿದ್ದೂ ಇದೇ ಧಾತುವನ್ನು. ಹಳಗನ್ನಡದಲ್ಲಿ ‘ಸುೞಿ’ಯಾಗಿದ್ದ ಈ ಮಾತಿಗೆ ತಮಿಳಿನ ‘ಚುೞಿ’, ತೆಲುಗಿನ ‘ಸುಡಿ’ ಒಡಹುಟ್ಟಿದವು.

ಇನ್ನು ತಲೆಯ ಮೇಲಿನ ಸುಳಿ. ಮಗುವಿನ ನೆತ್ತಿಯಲ್ಲಿ ಎರಡು ಸುಳಿ ಕಂಡವೋ, ಅಜ್ಜಿಯರು ಅದಕ್ಕೆ ಎರಡು ಮದುವೆಯ ಯೋಗವನ್ನು ಆಗಲೇ ನಿಶ್ಚಯಿಸಿ ನಗುತ್ತಾರೆ. ನಗೆಮಾತಾದ್ದರಿಂದ ಯಾರಿಗೂ ನಷ್ಟವಿಲ್ಲ. ದನಗಳ ವಿಷಯದಲ್ಲಿ ಹಾಗಲ್ಲ. ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳಿಗೆ ಹೆಸರಾದ ಸೀಮೆಯಿದು. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿಯ ಸಂವರ್ಧನ ಕೇಂದ್ರವೇ ಇದೆ. ಸಿದ್ಧಗಂಗೆಯ ಶಿವರಾತ್ರಿ ಪರಿಷೆಯಲ್ಲಿ ಎತ್ತು ಕೊಳ್ಳಲು ನಿಂತವರನ್ನು ನೋಡಬೇಕು. ಹಲ್ಲು ನೋಡಿದ ಮೇಲೆ, ನಡೆ ನೋಡಿದ ಮೇಲೆ, ಅನುಭವಸ್ಥರು ಹಣೆ, ಬೆನ್ನು, ಹೆಗಲುಗಳ ಮೇಲೆ ಕೈಯಾಡಿಸಿ ಕೂದಲಿನ ಸುಳಿಯನ್ನು ಹುಡುಕುತ್ತಾರೆ. ಇಲ್ಲಿದ್ದರೆ ಒಡೆಯನಿಗೆ ಏಳಿಗೆ, ಅಲ್ಲಿದ್ದರೆ ಮನೆಗೆ ಕೇಡು. ಹೀಗೆ, ಮೈಕಟ್ಟಿನಲ್ಲಿ ಒಂದು ಕುಂದೂ ಇಲ್ಲದ ಎತ್ತು ನಾಲ್ಕು ಕೂದಲು ವಕ್ರವಾಗಿ ಬೆಳೆದ ತಪ್ಪಿಗೆ ಅರ್ಧ ಬೆಲೆಗೆ ಇಳಿಯುವುದುಂಟು. ಮಾರುವವನ ಮುಖ ಆಗ ಬಾಡುವುದನ್ನು ಕಂಡರೆ, ಶಾಸ್ತ್ರ ಯಾರ ಪರ ಹುಟ್ಟಿತೆಂಬ ಸಂಶಯ ಬಾರದಿರದು.

ಎತ್ತಿನ ಸುಳಿ ಒಡೆಯನ ಹಣೆಬರಹವನ್ನು ಹೇಳಲಾರದು. ತೆಂಗಿನ ಸುಳಿ ಹೇಳಬಲ್ಲುದು.

ತೆಂಗಿಗೆ ಕೊಂಬೆಯಿಲ್ಲ. ಮಾವು, ಹುಣಿಸೆಗಳಂತೆ ಒಂದು ಕಡೆ ಕಡಿದರೆ ಇನ್ನೊಂದು ಕಡೆ ಚಿಗುರುವ ಭಾಗ್ಯ ಅದಕ್ಕಿಲ್ಲ. ಬೆಳೆಯುವ ಮೊಳಕೆ ಇಡೀ ಮರಕ್ಕೆ ಒಂದೇ. ಅದು ಸುಳಿಯ ಬುಡದಲ್ಲಿ ಅಡಗಿದೆ. ಒಳ್ಳೆಯ ಆರೈಕೆಯ ಮರ ವರ್ಷಕ್ಕೆ ಸುಮಾರು 12 ಗರಿ ಬಿಡುತ್ತದೆ, ತಿಂಗಳಿಗೊಂದರಂತೆ. ಪ್ರತಿ ಗರಿಯ ಕಂಕುಳಲ್ಲೂ ಒಂದು ಹೊಂಬಾಳೆ. ಆ ಹೊಂಬಾಳೆ ಒಡೆಯುವುದಕ್ಕೆ ಎರಡೂವರೆ ವರ್ಷಕ್ಕೂ ಮುಂಚೆಯೇ ಅದರ ಅಂಕುರ ಸುಳಿಯೊಳಗೆ ಮೂಡಿರುತ್ತದೆ. ಒಡೆದ ಮೇಲೆ ಕಾಯಿ ಬಲಿಯಲು 11–12 ತಿಂಗಳು. ತಿಪಟೂರಿನ ಉಂಡೆ ಕೊಬ್ಬರಿಯಾಗಬೇಕಾದರೆ ಆ ಕಾಯಿ ಮತ್ತೆ 8ರಿಂದ 12 ತಿಂಗಳು ಅಟ್ಟದ ಮೇಲೆ ಕುಳಿತು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಗಡಗಡ ಸದ್ದು ಮಾಡಬೇಕು. ಹಾಗಾದರೆ ಇಂದು ಮಾರುಕಟ್ಟೆಯಲ್ಲಿ ಹರಾಜಾಗುತ್ತಿರುವ ಕೊಬ್ಬರಿ ಸುಳಿಯಲ್ಲಿ ಮೊಳೆತದ್ದು ನಾಲ್ಕು ವರ್ಷಕ್ಕೂ ಹಿಂದೆ! ಒಂದು ವರ್ಷದ ಬರ ಆ ವರ್ಷಕ್ಕೇ ಮುಗಿಯದೆ ಮುಂದಿನ ವರ್ಷಗಳ ಫಸಲನ್ನೂ ಏಕೆ ಕಾಡುತ್ತದೆಂಬುದಕ್ಕೆ ಉತ್ತರ ಇಲ್ಲಿದೆ.

ಈ ಎಳೆಗರಿಗೆ ಸುಳಿಯೆಂಬ ಹೆಸರು ಒಪ್ಪುವುದಕ್ಕೆ ಮತ್ತೊಂದು ಕಾರಣವಿದೆ. ತೆಂಗಿನ ಗರಿಗಳು ಒಂದರ ಮೇಲೊಂದು ನೇರವಾಗಿ ಹುಟ್ಟುವುದಿಲ್ಲ. ಪ್ರತಿಯೊಂದೂ ಹಿಂದಿನದರಿಂದ ಸುಮಾರು 140 ಅಂಶ ತಿರುಗಿ ಹುಟ್ಟುತ್ತದೆ. ಮೇಲಿನಿಂದ ನೋಡಿದರೆ ಮಂಡೆಯೆಲ್ಲ ಒಂದು ಹಸುರು ಸುಳಿಯೇ. ಕೆಲವು ಮರಗಳಲ್ಲಿ ಅದು ಎಡಕ್ಕೆ ಸುತ್ತಿದರೆ ಕೆಲವಲ್ಲಿ ಬಲಕ್ಕೆ. ಟಿ. ಎ. ಡೇವಿಸ್ ಎಂಬ ಸಸ್ಯವಿಜ್ಞಾನಿ 1960ರ ದಶಕದಲ್ಲಿ ಇದನ್ನೇ ಹಿಡಿದು ಮರಗಳನ್ನು ಎಣಿಸಿದರು. ತಾಯಿಮರ ಎಡಸುಳಿಯದಾದರೆ ಸಸಿಯೂ ಹಾಗೆಯೇ ಆಗಬೇಕೆಂಬ ನಿಯಮವಿಲ್ಲವೆಂದು ತೋರಿಸಿದವರು ಅವರು. ನೀರಿನ ಸುಳಿಗೂ ಮರದ ಸುಳಿಗೂ ಒಂದೇ ಹೆಸರಿಟ್ಟವರು ಎಷ್ಟೋ ಮುಂಚೆಯೇ ಈ ತಿರುವನ್ನು ಗಮನಿಸಿದ್ದರೇನೋ.

ಸುಳಿಗೆ ಶತ್ರುಗಳು ಎರಡು. ಒಂದು ಮೂತಿಯ ಮೇಲೆ ಕೊಂಬುಳ್ಳ ಕಪ್ಪು ದುಂಬಿ. ಕೃಷಿ ಇಲಾಖೆಯವರು ರೈನೋಸರಸ್ ದುಂಬಿ ಎನ್ನುತ್ತಾರೆ. ಇದರ ಮರಿ ತಿಪ್ಪೆಯಲ್ಲಿ ಬೆಳೆಯುತ್ತದೆ. ಬೆಳೆದ ದುಂಬಿ ರಾತ್ರಿ ಹಾರಿಬಂದು ಮಡಿಚಿಕೊಂಡಿರುವ ಸುಳಿಯನ್ನು ಕೊರೆಯುತ್ತದೆ. ಆ ಗರಿ ಮುಂದೆ ಬಿಚ್ಚಿಕೊಂಡಾಗ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಾಣುತ್ತದೆ. ಕಳ್ಳನ ಸುಳಿವು ಅದು! ಬುದ್ಧಿವಂತ ರೈತ ಕೊಕ್ಕೆಯಿಂದ ದುಂಬಿಯನ್ನು ಹೊರಕ್ಕೆಳೆದು, ಗರಿಯ ಸಂದಿಗಳಿಗೆ ಮರಳಿನೊಡನೆ ಬೇವಿನ ಹಿಂಡಿಯನ್ನು ತುಂಬುತ್ತಾನೆ. ಇನ್ನೊಂದು ಶತ್ರು ಕಣ್ಣಿಗೆ ಕಾಣದ್ದು—ಮಳೆಗಾಲದ ಸುಳಿಕೊಳೆ. ನಡುವಿನ ಗರಿ ಬಣ್ಣಗೆಟ್ಟು ಬಾಡುತ್ತದೆ. ಹಿಡಿದೆಳೆದರೆ ದುರ್ಗಂಧದೊಡನೆ ಕೈಗೇ ಬರುತ್ತದೆ. ಆರಂಭದಲ್ಲೇ ತಿಳಿದರೆ ಕೊಳೆತದ್ದನ್ನು ಕೆತ್ತಿ ಬೋರ್ಡೋ ಮುಲಾಮು ಹಚ್ಚಿ ಉಳಿಸಬಹುದು.

ತಿಳಿಯುವುದೇ ಕಷ್ಟ. ಸುಳಿ ಸತ್ತ ಮರ ಕೂಡಲೇ ಸಾಯುವುದಿಲ್ಲ. ಸುತ್ತಲಿನ ಹಳೆಯ ಗರಿಗಳು ತಿಂಗಳುಗಟ್ಟಲೆ ಹಸುರಾಗಿಯೇ ಇರುತ್ತವೆ, ಕಟ್ಟಿದ ಕಾಯಿಗಳು ತಮ್ಮ ಪಾಡಿಗೆ ಬಲಿಯುತ್ತಿರುತ್ತವೆ. ರಸ್ತೆಯಲ್ಲಿ ಹೋಗುವವನಿಗೆ ಅದು ಫಲಭರಿತವಾದ ಮರವೇ. ಮರ ಹತ್ತಿದವನು ಮೇಲಿನಿಂದ “ಸುಳಿ ಹೋಗಿದೆ” ಎಂದು ಕೂಗಿದಾಗ ಕೆಳಗೆ ನಿಂತವನು ಒಡನೆ ಮಾತನಾಡುವುದಿಲ್ಲ. ಇರುವ ಗೊನೆಗಳು ಬಲಿಯುವವರೆಗೆ ಮರವನ್ನು ಹಾಗೆಯೇ ಬಿಡಲು ಹೇಳುತ್ತಾನೆ. ಅದರ ಮಗ್ಗುಲಲ್ಲೇ, ಆ ಮಳೆಗಾಲ ಮುಗಿಯುವುದರೊಳಗೆ, ಹೊಸ ಸಸಿಗೆ ಗುಂಡಿ ತೋಡಿಸುತ್ತಾನೆ.